ಶ್ರೇಯದ ಸಾಲು: ಪುಸ್ತಕ ತಿದ್ದಿದವರ ಹೆಸರು ಬರೆಯಲು ಒಂದು ಸಂಕೇತ ಕಟ್ಟಿದ್ದು

ಹಳೆಯ ಪುಸ್ತಕಗಳ ಪಠ್ಯವನ್ನು ಸ್ವಯಂಸೇವಕರು ತಿದ್ದಿ ಉಳಿಸುವ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಪುಟವೊಂದನ್ನು ತಿದ್ದಲು ತೆರೆದರೆ ಒಂದು ಬದಿಗೆ ಸ್ಕ್ಯಾನ್ ಮಾಡಿದ ಚಿತ್ರ, ಇನ್ನೊಂದು ಬದಿಗೆ ಯಂತ್ರ ಓದಿ ಕೊಟ್ಟ ಪಠ್ಯ, ಕೆಳಗೆ ಬಣ್ಣದ ಗುಂಡಿಗಳು. ಕೆಂಪು ಎಂದರೆ ಪುಟವನ್ನು ಇನ್ನೂ ಯಾರೂ ತಿದ್ದಿಲ್ಲ; ಹಳದಿ ಎಂದರೆ ಒಬ್ಬರು ತಿದ್ದಿದ್ದಾರೆ; ಹಸಿರು ಎಂದರೆ ಇನ್ನೊಬ್ಬರು ಅದನ್ನು ಮತ್ತೊಮ್ಮೆ ಚಿತ್ರದ ಪಕ್ಕಕ್ಕಿಟ್ಟು ನೋಡಿ ಒಪ್ಪಿದ್ದಾರೆ. ಪುಟವನ್ನು ಉಳಿಸಿದಾಗ ಅದರ ತಲೆಭಾಗದಲ್ಲಿ, ಓದುಗರ ಕಣ್ಣಿಗೆ ಬೀಳದಂತೆ, ಎರಡು ಸಂಗತಿಗಳು ದಾಖಲಾಗುತ್ತವೆ: ಪುಟದ ಮಟ್ಟ (ಹಳದಿಗೆ 3, ಹಸಿರಿಗೆ 4) ಮತ್ತು ಆ ಮಟ್ಟ ಕೊಟ್ಟವರ ಬಳಕೆದಾರ ಹೆಸರು. ಹೆಸರಿಗೆ ಇರುವುದು ಒಂದೇ ಜಾಗ. ಪುಟ ಹಸಿರಾದ ಗಳಿಗೆಯಲ್ಲಿ ಪರಿಶೀಲಿಸಿದವರ ಹೆಸರು ಅಲ್ಲಿಗೆ ಬರುತ್ತದೆ. ಗಂಟೆಗಟ್ಟಲೆ ಕುಳಿತು ಒತ್ತಕ್ಷರಗಳನ್ನು ಸರಿಪಡಿಸಿದವರ ಹೆಸರು ಅಳಿಸಿಹೋಗುತ್ತದೆ. ಪುಟದ ಇತಿಹಾಸವನ್ನು ತೆರೆದು ಹುಡುಕಿದರೆ ಸಿಗುತ್ತದೆ, ನಿಜ. ಆದರೆ ಪುಸ್ತಕ ಓದಲು ಬಂದವರು ಯಾರೂ ಹಾಗೆ ಹುಡುಕುವುದಿಲ್ಲ.

ನಾವು ಕೆಲವರು ಸೇರಿ ಹಕ್ಕುಸ್ವಾಮ್ಯ ಮುಗಿದ ಕನ್ನಡ ಪುಸ್ತಕಗಳನ್ನು ಹೀಗೆ ತಿದ್ದುತ್ತೇವೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಕಳೆದರೆ ಪುಸ್ತಕ ಎಲ್ಲರದು. ತಿದ್ದಿ ಮುಗಿದದ್ದನ್ನು ಇ-ಪುಸ್ತಕ ಮಾಡಿ ಹಂಚುತ್ತೇವೆ. ವಿಕಿಸೋರ್ಸ್‌ನ ರಫ್ತು ಸಾಧನ ಇ-ಪುಸ್ತಕದ ಕೊನೆಗೆ ಕೈ ಹಾಕಿದ ಬಳಕೆದಾರರ ಪಟ್ಟಿಯೊಂದನ್ನು ತಾನೇ ಸೇರಿಸಿಕೊಡುತ್ತದೆ. ಅದು ಬರೀ ಪಟ್ಟಿ: ಒಂದು ಅಲ್ಪವಿರಾಮ ತೆಗೆದವರೂ ನೂರು ಪುಟ ತಿದ್ದಿದವರೂ ಒಂದೇ ಸಾಲಿನಲ್ಲಿ, ಯಾರು ಏನು ಮಾಡಿದರು ಎಂಬ ಸುಳಿವಿಲ್ಲದೆ. ಕಾನೂನಿನ ದೃಷ್ಟಿಯಿಂದ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. 2023ರ ಜೂನ್‌ನಿಂದ ವಿಕಿಮೀಡಿಯ ತಾಣಗಳು (ವಿಕಿಪೀಡಿಯ, ವಿಕಿಸೋರ್ಸ್ ಮೊದಲಾದವು) ಅನುಸರಿಸುತ್ತಿರುವ ಕ್ರಿಯೇಟಿವ್ ಕಾಮನ್ಸ್ 4.0 ಪರವಾನಗಿಯಡಿ ಮೂಲ ಪುಟಕ್ಕೆ ಒಂದು ಕೊಂಡಿ ಕೊಟ್ಟರೂ ಶ್ರೇಯ ಸಂದಾಯವಾದಂತೆ. ಹಾಗಾಗಿ ನಾವು ಕಟ್ಟಹೊರಟಿದ್ದು ಕಾನೂನಿಗಾಗಿ ಅಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು ಎಂಬ ಆಸೆಗಾಗಿ: ಯಾರು ಮಾಡಿದರು, ಯಾರ ಜೊತೆ ಅಥವಾ ಯಾವ ಗುಂಪಿನ ಪರವಾಗಿ ಮಾಡಿದರು, ಏನು ಮಾಡಿದರು.

ಮೂವತ್ತು ಜನ, ಒಂದೇ ಹೆಸರು

ಕೆಲಸ ತುರ್ತಾದದ್ದು ಒಂದು ಕಾಲೇಜಿನ ಕಾರ್ಯಾಗಾರದಿಂದ. ವಿಕಿಮೀಡಿಯ ತಾಣಗಳಲ್ಲಿ ಒಂದೇ ಐಪಿ ವಿಳಾಸದಿಂದ, ಎಂದರೆ ಒಂದೇ ಇಂಟರ್ನೆಟ್ ಸಂಪರ್ಕದಿಂದ, ದಿನಕ್ಕೆ 6 ಹೊಸ ಖಾತೆಗಳನ್ನು ಮಾತ್ರ ತೆರೆಯಬಹುದು. ಕಿಡಿಗೇಡಿಗಳನ್ನು ತಡೆಯಲು ಇಟ್ಟ ಮಿತಿ ಅದು. ಮುಂಚಿತವಾಗಿ ಕೇಳಿಕೊಂಡರೆ ಕಾರ್ಯಾಗಾರಗಳಿಗೆ ಸಡಿಲಿಸುತ್ತಾರೆ. ಕೇಳಿಕೊಳ್ಳದಿದ್ದರೆ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಏಳನೆಯ ವಿದ್ಯಾರ್ಥಿಗೆ ಬಾಗಿಲು ಮುಚ್ಚಿರುತ್ತದೆ. ಅಲ್ಲಿನ ಸಂಘಟಕರು ಸುಲಭದ ದಾರಿ ಹಿಡಿದಿದ್ದರು. ಕಾಲೇಜಿನ ಹೆಸರಿನಲ್ಲಿ ಒಂದು ಖಾತೆ, ಬೋರ್ಡಿನ ಮೇಲೆ ಪಾಸ್‌ವರ್ಡ್, ಮೂವತ್ತರಷ್ಟು ಜನ ಅದರಲ್ಲೇ ಕೆಲಸ.

ಪರಿಣಾಮ ಏನಾಯಿತೆಂದರೆ, ಒಬ್ಬ ವಿದ್ಯಾರ್ಥಿನಿ ತಿದ್ದಿ ಹಳದಿ ಮಾಡಿದ ಪುಟವನ್ನು ಪಕ್ಕದವಳು ಪರಿಶೀಲಿಸಲು ತೆರೆದರೆ ಹಸಿರು ಗುಂಡಿಯೇ ಕಾಣುತ್ತಿರಲಿಲ್ಲ. ತಿದ್ದಿದವರೇ ಪರಿಶೀಲಿಸಬಾರದು ಎಂಬುದು ವಿಕಿಸೋರ್ಸ್‌ನ ನಿಯಮ. ಪುಟದ ತಲೆಯಲ್ಲಿ ಹೆಸರು ಬರೆದಿಡುವುದೇ ಆ ನಿಯಮವನ್ನು ಜಾರಿಗೆ ತರಲು. ಯಂತ್ರದ ಲೆಕ್ಕದಲ್ಲಿ ಆ ಇಡೀ ಕೊಠಡಿಯಲ್ಲಿದ್ದದ್ದು ಒಬ್ಬರೇ ವ್ಯಕ್ತಿ. ಪುಸ್ತಕ ಪೂರ್ತಿ ಹಳದಿಯಲ್ಲಿ ನಿಂತಿತು, ಹೊರಗಿನ ಇಬ್ಬರು ಬಂದು ಹಸಿರು ಮಾಡಿದರು, ಕೊನೆಗೆ ಪುಟಗಳ ತಲೆಯಲ್ಲಿ ಉಳಿದದ್ದು ಆ ಇಬ್ಬರ ಹೆಸರು. ಕಾಲೇಜಿನ ಹೆಸರೂ ಹೋಯಿತು, ಮಕ್ಕಳ ಹೆಸರಂತೂ ಮೊದಲೇ ಇರಲಿಲ್ಲ.

ಗುಂಪಿನ ಹೆಸರಿನಲ್ಲಿ ಖಾತೆ ಬೇಡ ಎಂದು ಇಂಗ್ಲಿಷ್ ವಿಕಿಪೀಡಿಯ ನಿಯಮವನ್ನೇ ಮಾಡಿಕೊಂಡಿದೆ. ಒಂದು ಖಾತೆಗೆ ಒಬ್ಬರೇ ಮನುಷ್ಯ. ಕಂಪನಿಯ ಹೆಸರನ್ನಷ್ಟೇ ಖಾತೆಗೆ ಇಡುವ ಹಾಗಿಲ್ಲ, ಆದರೆ ‘ಇಂಥ ಕಂಪನಿಯ ಮಾರ್ಕ್’ ಎಂಬ ಧಾಟಿಯ ಹೆಸರಿಗೆ ಅಡ್ಡಿಯಿಲ್ಲ. ವಿಕಿಮೀಡಿಯ ಫೌಂಡೇಶನ್‌ನ ನೌಕರರು ಇನ್ನೂ ಅಚ್ಚುಕಟ್ಟು: ಕಚೇರಿ ಕೆಲಸದ ಖಾತೆಯ ಹೆಸರಿನ ಕೊನೆಗೆ ಕಂಸದಲ್ಲಿ ಸಂಸ್ಥೆಯ ಮೊದಲಕ್ಷರಗಳನ್ನು ಸೇರಿಸಿಕೊಳ್ಳುತ್ತಾರೆ, ಮನೆಯಲ್ಲಿ ಕುಳಿತು ಹವ್ಯಾಸಕ್ಕೆ ಮಾಡುವ ತಿದ್ದುಪಡಿಗೆ ಕಂಸವಿಲ್ಲದ ಬೇರೆ ಖಾತೆ ಇರುತ್ತದೆ. ಮನುಷ್ಯ ಮೊದಲು, ಗುಂಪು ಅವನ ಹಿಂದೆ ಕಂಸದೊಳಗೆ. ನಮ್ಮ ಸಂಕೇತದ ಬೀಜ ಅಲ್ಲಿಯದು.

ಸಿದ್ಧ ವಸ್ತುಗಳನ್ನು ತಡಕಾಡಿದ್ದು

ಹೊಸದನ್ನು ಕಟ್ಟುವ ಮುಂಚೆ ಇರುವುದನ್ನು ನೋಡಬೇಕು. ಮೊದಲು ನೋಡಿದ್ದು ಗಿಟ್, ತಂತ್ರಾಂಶ ಬರೆಯುವವರು ಯಾರು ಏನು ಬದಲಿಸಿದರೆಂದು ದಾಖಲಿಸಿಡಲು ಬಳಸುವ ಸಾಧನ. ಲಿನಕ್ಸ್ ಕರ್ನಲ್ ಕಟ್ಟುವವರು 2004ರಿಂದ ಪ್ರತಿ ಬದಲಾವಣೆಯ ವಿವರಣೆಯ ಕೊನೆಗೆ ‘ಸೈನ್ಡ್ ಆಫ್ ಬೈ’ (ಇಂಥವರ ರುಜು) ಎಂಬ ಸಾಲು ಹಾಕುತ್ತಾರೆ. ಜೊತೆಗೆ ಪರಿಶೀಲಿಸಿದವರು, ಪರೀಕ್ಷಿಸಿದವರು, ದೋಷ ತೋರಿಸಿದವರು, ಜೊತೆಗೂಡಿ ಬರೆದವರು, ಒಬ್ಬೊಬ್ಬರಿಗೂ ಒಂದೊಂದು ಬಗೆಯ ಸಾಲು. ಮೊದಲು ಕೆಲಸ, ಆಮೇಲೆ ವಿವರಣ ಚಿಹ್ನೆ (:), ಆಮೇಲೆ ಹೆಸರು. ಈ ರಚನೆ ನನಗೆ ತುಂಬ ಹಿಡಿಸಿತು. ಯಾರು ಓದಿದರೂ ಅರ್ಥವಾಗುತ್ತದೆ, ಯಂತ್ರವೂ ಓದುತ್ತದೆ. ಆದರೆ ಇದನ್ನು ಗಿಟ್‌ನಲ್ಲೇ ಮಾಡಲು ಹೋದರೆ ಎರಡು ಅಡ್ಡಿಗಳು. ಒಂದು, ವಿವರಣ ಚಿಹ್ನೆಯ ಎಡಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಕಿರುಗೆರೆ ಬಿಟ್ಟು ಬೇರೇನು ಇದ್ದರೂ ಗಿಟ್ ಅದನ್ನು ಶ್ರೇಯದ ಸಾಲೆಂದು ಗುರುತಿಸುವುದೇ ಇಲ್ಲ. ‘ತಿದ್ದು: ಸುಮಾ’ ಎಂದು ಬರೆದರೆ ಅದಕ್ಕೆ ಅದು ಸಾಮಾನ್ಯ ಮಾತು. ಇನ್ನೊಂದು, ಗಿಟ್‌ಹಬ್‌ನಂಥ ತಾಣಗಳು ಸಹಲೇಖಕರನ್ನು ಗುರುತಿಸುವುದು ಇಮೇಲ್ ವಿಳಾಸದಿಂದ. ನಮ್ಮಲ್ಲಿ ಅತ್ಯಂತ ಚೆನ್ನಾಗಿ ಕರಡು ತಿದ್ದುವವರಲ್ಲಿ ಕೆಲವರಿಗೆ ಇಮೇಲ್ ಎಂದರೆ ಮೊಮ್ಮಗ ಫೋನಿನಲ್ಲಿ ಹಾಕಿಕೊಟ್ಟ ಯಾವುದೋ ವಸ್ತು.

ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರ ಅನುವಾದ ಕಡತಗಳಲ್ಲೂ ವಿಕಿಸೋರ್ಸ್‌ನ ರೋಗವೇ ಇದೆ. ಕಡತದ ತಲೆಯಲ್ಲಿ ‘ಕೊನೆಯ ಅನುವಾದಕರು’ ಎಂಬ ಒಂದು ಜಾಗ, ‘ಭಾಷಾ ತಂಡ’ ಎಂಬ ಇನ್ನೊಂದು ಜಾಗ. ಕೊನೆಗೆ ಬಂದವರು ಹಿಂದಿನವರನ್ನು ತಳ್ಳುತ್ತಾರೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ತಂತ್ರಾಂಶದವರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದ್ದಾರೆ: ಅನುವಾದಿಸಬೇಕಾದ ವಾಕ್ಯಗಳ ನಡುವೆಯೇ ‘ಅನುವಾದಕರ ಶ್ರೇಯ’ ಎಂಬ ಒಂದು ಸಾಲನ್ನು ಇಟ್ಟು, ಅದರ ‘ಅನುವಾದ’ವಾಗಿ ತಮ್ಮ ಹೆಸರುಗಳನ್ನು ಬರೆಯಲು ಹೇಳುತ್ತಾರೆ. ಚೆಂದದ ಕಳ್ಳದಾರಿ. ಆದರೆ ಅದರಲ್ಲೂ ಯಾರು ಏನು ಎಂಬುದಿಲ್ಲ.

ಸಂಶೋಧನಾ ಪ್ರಬಂಧಗಳಿಗೆ ‘ಕ್ರೆಡಿಟ್’ ಎಂಬ 14 ಪಾತ್ರಗಳ ಪಟ್ಟಿಯಿದೆ. 2022ರಲ್ಲಿ ಅಮೆರಿಕದಲ್ಲಿ ಅಧಿಕೃತ ಮಾನದಂಡವೂ ಆಯಿತು. ಪರಿಕಲ್ಪನೆ, ವಿಧಾನ, ಧನಸಂಗ್ರಹ, ಮೇಲ್ವಿಚಾರಣೆ ಎಂದೆಲ್ಲ ಸಾಗುವ ಆ ಪಟ್ಟಿಯಲ್ಲಿ ಗೆದ್ದಲು ತಿಂದ ಪುಸ್ತಕವನ್ನು ಹಾಳೆ ಹರಿಯದಂತೆ ಬಿಡಿಸಿ ಸ್ಕ್ಯಾನ್ ಮಾಡುವವರಿಗೆ ಜಾಗವಿಲ್ಲ. ‘ಆಲ್ ಕಾಂಟ್ರಿಬ್ಯೂಟರ್ಸ್’ ಎಂಬ ಇನ್ನೊಂದು ಪದ್ಧತಿ ಪ್ರತಿ ಬಗೆಯ ಕೆಲಸಕ್ಕೂ ಒಂದು ಎಮೋಜಿ ಕೊಡುತ್ತದೆ. ನೋಡಲು ಮುದ್ದಾಗಿದೆ. ಅಚ್ಚಿಗೆ ಹೋದಾಗ ಅರ್ಧ ಎಮೋಜಿಗಳು ಖಾಲಿ ಚೌಕವಾಗುತ್ತವೆ, ಉಳಿದರ್ಧದ ಅರ್ಥಕ್ಕೆ ಕೀಲಿ ಪಟ್ಟಿ ಹುಡುಕಬೇಕು.

ಚಿಹ್ನೆಗಳನ್ನು ಆರಿಸಿದ್ದು

ನಿಬಂಧನೆ ಒಂದೇ: ಫೋನಿನ ಕೀಲಿಮಣೆಯಲ್ಲಿ, ಯಾರ ನೆರವೂ ಇಲ್ಲದೆ, ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಲು ಬರಬೇಕು. ಏಕೆಂದರೆ ಜನ ತಾವು ಮಾಡಿದ್ದನ್ನು ತಿಳಿಸುವುದು ಅಲ್ಲೇ.

ಗುಂಪಿಗೆ ‘@’ ಚಿಹ್ನೆ ಎಲ್ಲರಿಗೂ ಮೊದಲು ಹೊಳೆದದ್ದು. ಅದನ್ನು ಬಿಟ್ಟೆವು. ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಚಿಹ್ನೆ ಒತ್ತಿದೊಡನೆ ಸದಸ್ಯರ ಪಟ್ಟಿ ತೆರೆದುಕೊಳ್ಳುತ್ತದೆ, ಬೆರಳು ತಾಗಿದರೆ ಹೆಸರು ಸೇರಿಕೊಳ್ಳುತ್ತದೆ, ಮಾತುಕತೆಯನ್ನು ಹೊರತೆಗೆದು ಕಡತ ಮಾಡಿದಾಗ ಆ ಹೆಸರಿನ ಜಾಗದಲ್ಲಿ ಅವರ ಫೋನ್ ಸಂಖ್ಯೆ ಕೂತಿರಬಹುದು. ಶ್ರೇಯ ಕೊಡಲು ಹೋಗಿ ಪುಸ್ತಕದ ಕೊನೆಯಲ್ಲಿ ಫೋನ್ ಸಂಖ್ಯೆ ಅಚ್ಚಾಗುವ ಸಂಭವವನ್ನು ಯಾರೂ ಬಯಸುವುದಿಲ್ಲ. ಓರೆಗೆರೆಯೂ ಬೇಡವಾಯಿತು, ವಿಕಿಯಲ್ಲಿ ಓರೆಗೆರೆ ಎಂದರೆ ಉಪಪುಟ. ಕಂಸಕ್ಕೆ ಇಂಥ ಯಾವ ಉಪದ್ರವವೂ ಇಲ್ಲ, ಶಾಲೆಯಿಂದಲೇ ಎಲ್ಲರಿಗೂ ಗೊತ್ತು.

‘ಓದುಬಳಗದ ಸುಮಾ’ ಎಂದು ಸಹಜವಾಗಿ ಬರೆದರೇನು ಎಂದು ಒಬ್ಬರು ಕೇಳಿದರು. ಓದಲು ಅದೇ ಚೆಂದ. ಆದರೆ ಬಳಗ ಬಳಗದ ಆಗುತ್ತದೆ, ಸಮಿತಿ ಸಮಿತಿಯ ಆಗುತ್ತದೆ, ಕಾಲೇಜು ಕಾಲೇಜಿನ ಆಗುತ್ತದೆ. ಪ್ರತ್ಯಯ ಹತ್ತಿದ ರೂಪದಿಂದ ಮೂಲ ಹೆಸರನ್ನು ಮರಳಿ ಪಡೆಯುವ ಯಂತ್ರ ಬರೆಯುವುದಕ್ಕಿಂತ ಹೆಸರಿಗೆ ವಿಭಕ್ತಿ ಹತ್ತದಂತೆ ನೋಡಿಕೊಳ್ಳುವುದು ಸುಲಭ. ಸಂಕೇತದೊಳಗೆ ಎಲ್ಲ ಹೆಸರುಗಳೂ ಪ್ರಥಮಾ ವಿಭಕ್ತಿಯಲ್ಲೇ ಇರಬೇಕು ಎಂದಾಯಿತು.

ಮಾದರಿ ಹೀಗಿದೆ. ಇಲ್ಲಿನ ಹೆಸರುಗಳೆಲ್ಲ ಉದಾಹರಣೆಗಾಗಿ ಇಟ್ಟವು.

ಸ್ಕ್ಯಾನ್: ನಾಗಮಣಿ
ತಿದ್ದು 12-40: ಸುಮಾ + ರವಿ (ಓದುಬಳಗ)
ತಿದ್ದು 41-58: ? (ಕಾಲೇಜು ತಂಡ)
ತಿದ್ದು 59-90: ಸುಮಾ, ಇಕ್ಬಾಲ್ (ಕಾಲೇಜು ತಂಡ)
ಪರಿಶೀಲನೆ 12-90: ನಾಗಮಣಿ
ನೆರವು: (ಓದುಬಳಗ)

ಮೂರನೆಯ ‘ತಿದ್ದು’ ಸಾಲನ್ನು ನೋಡಿ. ಅಲ್ಲಿ ಸುಮಾಗೆ ಕಂಸವಿಲ್ಲ: ಆ ಪುಟಗಳನ್ನು ಆಕೆ ಬಳಗದ ಪರವಾಗಿ ಅಲ್ಲ, ತನ್ನಷ್ಟಕ್ಕೆ ತಿದ್ದಿದಳು. ಕಂಸ ತನ್ನ ಎಡಕ್ಕಿರುವ ಅಲ್ಪವಿರಾಮದವರೆಗೆ ಮಾತ್ರ ಅನ್ವಯಿಸುತ್ತದೆ. ಕೂಡಿಸುವ ಚಿಹ್ನೆ ಇದ್ದರೆ ಜೊತೆಗೆ ಕುಳಿತು ಮಾಡಿದ, ಬಿಡಿಸಲಾಗದ ಕೆಲಸ. ಅಲ್ಪವಿರಾಮವಿದ್ದರೆ ಬೇರೆ ಬೇರೆ ಮಾಡಿದ್ದು. ಈ ವ್ಯತ್ಯಾಸ ಬೇಕೇ ಬೇಕು ಎಂದು ನಾನು ಹಟ ಹಿಡಿದೆ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾ ಇನ್ನೊಬ್ಬರು ಕರಡನ್ನು ನೋಡುತ್ತಾ ತಿದ್ದುವುದು ಮುದ್ರಣಾಲಯಗಳ ಹಳೆಯ ಪದ್ಧತಿ, ನಮ್ಮಲ್ಲೂ ಒಂದು ಜೋಡಿ ಫೋನಿನಲ್ಲಿ ಹಾಗೆಯೇ ಮಾಡುತ್ತದೆ. ವಿಕಿಯಲ್ಲಿ ದಾಖಲಾಗುವುದು ಗುಂಡಿ ಒತ್ತಿದವರ ಹೆಸರು ಮಾತ್ರ. ಓದಿದ ದನಿಗೆ ಲೆಕ್ಕವಿಲ್ಲ.

ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ಆಕ್ಷೇಪ ಬಂತು, ಅಸಭ್ಯವಾಗಿ ಕಾಣುತ್ತದೆ ಎಂದು. ನನಗೆ ಅದು ಅತ್ಯಂತ ಪ್ರಾಮಾಣಿಕ ಚಿಹ್ನೆ ಅನ್ನಿಸುತ್ತದೆ. ‘(ಕಾಲೇಜು ತಂಡ)’ ಎಂದಷ್ಟೇ ಬರೆದರೆ ತಂಡ ತಂಡವಾಗಿಯೇ ಮಾಡಿದ ಕೆಲಸ ಎಂದು ಅರ್ಥ: ಜಾಗ ಕೊಟ್ಟದ್ದು, ಇಂಟರ್ನೆಟ್ ಕೊಟ್ಟದ್ದು, ಮಧ್ಯಾಹ್ನದ ಊಟ ಹಾಕಿದ್ದು. ‘? (ಕಾಲೇಜು ತಂಡ)’ ಎಂದರೆ ಅಲ್ಲಿ ಒಬ್ಬ ಮನುಷ್ಯ ಇದ್ದ, ಯಾರೆಂದು ನಾವು ಬರೆದಿಟ್ಟುಕೊಳ್ಳಲಿಲ್ಲ ಎಂದು. ಇವೆರಡನ್ನೂ ಒಂದೇ ಮಾಡಿದರೆ ಗುಂಪು ಮನುಷ್ಯನನ್ನು ನುಂಗುತ್ತದೆ. ಅಚ್ಚಿನ ಪುಟದಲ್ಲಿ ಅದು ‘ಹೆಸರು ತಿಳಿಯದ ಸದಸ್ಯರು, ಕಾಲೇಜು ತಂಡ’ ಎಂದು ಬರುವಂತೆ ಮಾಡಿ ಆಕ್ಷೇಪವನ್ನು ತಣಿಸಿದೆವು.

ಪುಟಸಂಖ್ಯೆ ಎಂದರೆ ಸ್ಕ್ಯಾನ್ ಕಡತದ ಸಂಖ್ಯೆ, ಪುಸ್ತಕದಲ್ಲಿ ಅಚ್ಚಾದದ್ದಲ್ಲ. ಮುನ್ನುಡಿಗೆ ಬೇರೆ ಅಂಕಿ, ಚಿತ್ರಪುಟಗಳಿಗೆ ಅಂಕಿಯೇ ಇಲ್ಲ, ಆ ಗೋಜು ಬೇಡ.

ಹೆಸರುಗಳು

ಸಂಕೇತ ಒಂದು ಸಂಜೆಯಲ್ಲಿ ಮುಗಿಯಬಹುದಾದ ಕೆಲಸ. ಹೆಸರುಗಳು ಹಾಗಲ್ಲ.

ಕನ್ನಡದಲ್ಲಿ ಒಬ್ಬರೇ ‘ಎಸ್. ರವಿ’, ‘ರವಿ ಎಸ್.’, ‘ಶಿ. ರವಿ’ ಎಂದು ಮೂರು ಕಡೆ ಮೂರು ರೀತಿ ಬರೆದುಕೊಳ್ಳುತ್ತಾರೆ. ಶಿವಮೊಗ್ಗದ ಶಿ ಇಂಗ್ಲಿಷ್ ಮೊದಲಕ್ಷರವಾದಾಗ ಎಸ್. ಅದರ ಮೇಲೆ ಶ್ರೀ, ಶ್ರೀಮತಿ, ಡಾ., ಹಿಂದಕ್ಕೆ ಅವರು, ರವರು. ಗೌರವಸೂಚಕಗಳನ್ನೆಲ್ಲ ತೆಗೆದುಹಾಕುವ ನಿಯಮ ತಂತ್ರಜ್ಞರಿಗೆ ಸಲೀಸು, ಎಪ್ಪತ್ತು ದಾಟಿದ ಹಿರಿಯರ ಹೆಸರಿನ ಮುಂದೆ ಏನೂ ಇಲ್ಲದೆ ಅಚ್ಚು ಹಾಕುವುದು ನಮ್ಮ ಊರಿನ ರೀತಿಗೆ ಸಲ್ಲದು. ಹೀಗಾಗಿ ಎರಡು ಕಡತಗಳಾದವು. ಶ್ರೇಯದ ಸಾಲುಗಳಲ್ಲಿ ಚಿಕ್ಕ ಹೆಸರು. ‘ಹೆಸರುಪಟ್ಟಿ’ ಎಂಬ ಇನ್ನೊಂದು ಕಡತದಲ್ಲಿ ಆ ಚಿಕ್ಕ ಹೆಸರಿಗೆ ಎದುರಾಗಿ, ಅವರು ಅಚ್ಚಿನಲ್ಲಿ ಹೇಗೆ ಕಾಣಬಯಸುತ್ತಾರೋ ಹಾಗೆ ಪೂರ್ಣ ಹೆಸರು, ಮತ್ತು ಅವರು ಬಳಸುವ ಇತರ ರೂಪಗಳು. ಗಿಟ್‌ನಲ್ಲಿ ಒಬ್ಬರ ಹಲವು ಹೆಸರು, ಹಲವು ಇಮೇಲ್‌ಗಳನ್ನು ಒಂದೇ ವ್ಯಕ್ತಿಗೆ ಜೋಡಿಸುವ ‘ಮೇಲ್‌ಮ್ಯಾಪ್’ ಎಂಬ ಕಡತ ಇರುತ್ತದೆ, ಅದರದೇ ಸೋದರ. ಮದುವೆಯಾಗಿ ಹೆಸರು ಬದಲಿಸಿಕೊಂಡವರಿದ್ದರೆ ಒಂದು ಸಾಲು ತಿದ್ದಿದರೆ ಸಾಕು, ಹಳೆಯ ಪುಸ್ತಕಗಳೆಲ್ಲ ಹೊಸ ಹೆಸರಿನಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ.

ಇದು ಹೊಸ ಸಮಸ್ಯೆಯೇನಲ್ಲ. ಹದಿಮೂರನೆಯ ಶತಮಾನದ ಸೋಮನಾಥಪುರದ ದೇವಸ್ಥಾನದಲ್ಲಿ ಶಿಲ್ಪಿ ಮಲ್ಲಿತಮ್ಮ ಕೆಲವು ವಿಗ್ರಹಗಳ ಕೆಳಗೆ ಪೂರ್ಣ ಹೆಸರು ಕೆತ್ತಿದ್ದಾನೆ, ಕೆಲವದರ ಕೆಳಗೆ ಮೊಟಕು ಮಾಡಿದ್ದಾನೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಊರು, ತಂದೆ ಸಮೇತ ರುಜುಗಳಿವೆ. ‘ಬಳಗದ ಹೆಸರಿದ್ದರೆ ಸಾಲದೇ, ನಮ್ಮ ಹಿರಿಯರು ಹೆಸರಿನ ಆಸೆ ಇಟ್ಟುಕೊಂಡಿರಲಿಲ್ಲ’ ಎಂದು ಯಾರಾದರೂ ಹೇಳಿದಾಗ ನಾನು ಅವರನ್ನು ಬೇಲೂರಿಗೆ ಕಳಿಸುತ್ತೇನೆ.

ಸ್ಕ್ರಿಪ್ಟು

ಶ್ರೇಯದ ಸಾಲುಗಳನ್ನು ಓದಿ ಇ-ಪುಸ್ತಕದ ಕೊನೆಯ ಪುಟ ತಯಾರಿಸಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಓದಿ ಬಿಡಿಸುವ ಭಾಗ ಐವತ್ತು ಸಾಲೂ ಇಲ್ಲ. ಕನ್ನಡ ಲಿಪಿಗೆ ಸಂಬಂಧಿಸಿದ ಭಾಗ ಅದಕ್ಕಿಂತ ಉದ್ದವಾಯಿತು, ಮತ್ತು ಕನ್ನಡದಲ್ಲಿ ಇಂಥದ್ದನ್ನು ಕಟ್ಟುವ ಯಾರಿಗಾದರೂ ಉಪಯೋಗಕ್ಕೆ ಬರುವುದು ಅದೇ ಭಾಗ.

ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಬೇಕಾದ ಮಾದರಿಯನ್ನು ಹುಡುಕುವ ಸೂತ್ರ) ‘ಪದದ ಅಕ್ಷರ’ ಎಂಬುದಕ್ಕೆ ಇರುವ ಸಿದ್ಧ ಗುರುತು ಕನ್ನಡದ ಸ್ವರಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ. ಅದರ ಕೈಗೆ ‘ರವಿ’ ಕೊಟ್ಟರೆ ‘ರವ’ ಎಂದು ಹಿಂದಿರುಗಿಸುತ್ತದೆ, ‘ಸುಮಾ’ ಕೊಟ್ಟರೆ ‘ಸ’ ಮತ್ತು ‘ಮ’ ಎಂಬ ಇಬ್ಬರು ಅಪರಿಚಿತರನ್ನು. ಹೆಸರನ್ನು ಅಕ್ಷರಗಳಿಂದ ಗುರುತಿಸಲು ಹೋಗದೆ, ಚಿಹ್ನೆಗಳಿದ್ದಲ್ಲಿ ಕತ್ತರಿಸಿ ಉಳಿದದ್ದೆಲ್ಲ ಹೆಸರು ಎಂದು ತೆಗೆದುಕೊಂಡರೆ ಈ ರಗಳೆಯೇ ಇಲ್ಲ.

ಮುಂದಿನದು ಒಂದೇ ಹೆಸರಿನ ಎರಡು ಸಂಕೇತರೂಪ. ‘ಗೋಪಾಲ’ದ ಓಕಾರವನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರಿನ ಅಕ್ಷರಸಂಕೇತಗಳ ಪಟ್ಟಿ) ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರದ ಚಿಹ್ನೆ, ಊಕಾರ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಇಬ್ಬರು ಗೋಪಾಲರು. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಗೊಳಿಸುವ ಕ್ರಮ ಇದನ್ನು ಒಂದೇ ಏಟಿಗೆ ಸರಿಪಡಿಸುತ್ತದೆ. ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ.

ಅದರಿಂದ ಸರಿಯಾಗದ್ದು ಕಣ್ಣಿಗೆ ಕಾಣದ ಜೋಡಕಗಳು. ‘ಸೂರ್ಯ’ ಎಂದು ಅರ್ಕಾವತ್ತಿನಲ್ಲಿ ಬರೆಯುವವರೂ ಇದ್ದಾರೆ, ‘ಸೂರ‍್ಯ’ ಎಂದು ರಕಾರ ಉಳಿಸಿ ಬರೆಯುವವರೂ ಇದ್ದಾರೆ. ಎರಡನೆಯದರ ಹೊಟ್ಟೆಯಲ್ಲಿ ಒಂದು ಅದೃಶ್ಯ ಚಿಹ್ನೆ ಕೂತಿದೆ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ಒತ್ತಕ್ಷರವಾಗದಂತೆ ತಡೆಯಲು ಇನ್ನೊಂದು ಬಗೆಯ ಅದೃಶ್ಯ ಚಿಹ್ನೆ. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ. ಎಲ್ಲವನ್ನೂ ಕಿತ್ತೆಸೆದರೆ ಅಚ್ಚಿನಲ್ಲಿ ‘ರಾಜ್ಕುಮಾರ್’ ಎಂದು ಬಂದು ಆ ಮನುಷ್ಯ ತನ್ನ ಹೆಸರನ್ನೇ ಗುರುತಿಸಲಾರ. ಆದ್ದರಿಂದ ಹೋಲಿಸಿ ನೋಡಲು ಮಾತ್ರ ಇವನ್ನು ತೆಗೆದ ಪ್ರತಿ, ಅಚ್ಚಿಗೆ ಹೆಸರುಪಟ್ಟಿಯಲ್ಲಿರುವ ಮೂಲರೂಪ.

ಎಲ್ಲಕ್ಕಿಂತ ಹೆಚ್ಚು ಸಾಲುಗಳನ್ನು ಕೆಡಿಸಿದ್ದು ಸೊನ್ನೆ. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಂ ಬರೆದಾಗ ಒಂದೇ ರೀತಿ ಕಾಣುತ್ತವೆ, ಅವುಗಳ ಸಂಕೇತ ಬೇರೆ. ‘ಸಂಪತ್’ ಬದಲು ‘ಸ೦ಪತ್’ ಎಂದು ಅಂಕಿ ಹಾಕಿ ಬರೆಯುವವರು ತಂಡದಲ್ಲಿ ಒಬ್ಬಿಬ್ಬರಲ್ಲ. ತಿರುಗುಮುರುಗಾಗಿ ಪುಟಸಂಖ್ಯೆಯಲ್ಲಿ ‘೪೦’ ಬದಲು ‘೪ಂ’. ಪೈಥಾನ್ ಕನ್ನಡ ಅಂಕಿಗಳನ್ನು ನೇರವಾಗಿ ಸಂಖ್ಯೆ ಎಂದು ಒಪ್ಪುತ್ತದೆ, ‘೧೨’ ಕೊಟ್ಟರೆ 12 ಎನ್ನುತ್ತದೆ. ಅದು ನನಗೆ ಸಂತೋಷ ಕೊಟ್ಟ ಸಂಗತಿ. ‘೪ಂ’ ಕೊಟ್ಟರೆ ಮಾತ್ರ ಕೈಚೆಲ್ಲುತ್ತದೆ. ಅಕ್ಷರಗಳ ನಡುವಿನ ೦ ಅನುಸ್ವಾರ, ಅಂಕಿಗಳ ಪಕ್ಕದ ಂ ಸೊನ್ನೆ ಎಂಬ ಎರಡು ನಿಯಮ ಸೇರಿಸಿದೆ. ಇದೇ ಜಾತಿಯ ಇನ್ನೊಂದು ಗೊಂದಲ ವಿಸರ್ಗದ್ದು. ‘ತಿದ್ದು:’ ಎಂದು ಬರೆಯಬೇಕಾದಲ್ಲಿ ಕೆಲವರು ‘ತಿದ್ದುಃ’ ಎಂದು ವಿಸರ್ಗ ಒತ್ತುತ್ತಾರೆ. ‘ಪುನಃ’ ಎಂಬುದನ್ನು ‘ಪುನ:’ ಎಂದು ಬರೆಯುವ ರೂಢಿಯ ಮರುಮುಖ ಅದು. ಕೆಲಸದ ಹೆಸರುಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಯಾವುದಕ್ಕೂ ಕೊನೆಯಲ್ಲಿ ವಿಸರ್ಗವಿಲ್ಲ. ಹಾಗಾಗಿ ಎರಡನ್ನೂ ಒಪ್ಪಿಕೊಂಡೆ.

ಕಂಸ ಎಲ್ಲರಿಗೂ ಗೊತ್ತಿರುವುದೇ ಒಂದು ತೊಡಕು ತಂದಿತು. ‘ನಾಗಮಣಿ (ನಿವೃತ್ತ ಶಿಕ್ಷಕಿ)’ ಎಂದು ಬಂದ ಸಾಲನ್ನು ಸ್ಕ್ರಿಪ್ಟ್ ನಿಷ್ಠೆಯಿಂದ ಓದಿ ‘ನಿವೃತ್ತ ಶಿಕ್ಷಕಿ’ ಎಂಬ ಹೊಸ ಸಂಘವನ್ನೇ ಹುಟ್ಟುಹಾಕಿತು. ಈಗ ಗುಂಪುಗಳ ಹೆಸರುಗಳನ್ನೂ ಮೊದಲೇ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿಲ್ಲದ ಗುಂಪು ಕಂಡರೆ ಸ್ಕ್ರಿಪ್ಟ್ ಆ ಸಾಲನ್ನು ಹಾಗೆಯೇ ತೋರಿಸಿ ನಿಂತುಬಿಡುತ್ತದೆ, ತಾನಾಗಿ ಊಹಿಸುವುದಿಲ್ಲ.

ಹೆಸರುಗಳ ಅನುಕ್ರಮ ಅಕಾರಾದಿ. ಇದರಲ್ಲೂ ಯಂತ್ರದ ಬರಿಯ ವಿಂಗಡಣೆ ನಂಬುವಂತಿಲ್ಲ: ಯೂನಿಕೋಡ್ ಪಟ್ಟಿಯಲ್ಲಿ ಳಕಾರ ಲಕಾರದ ಬೆನ್ನಿಗಿದೆ, ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ. ಬಿಟ್ಟರೆ ಕಾವೇರಿಗಿಂತ ಮುಂಚೆ ಕಾಳಪ್ಪ ಬರುತ್ತಾನೆ. ಹೆಚ್ಚು ಕೆಲಸ ಮಾಡಿದವರು ಮೊದಲು ಬರಲಿ ಎಂಬ ಸಲಹೆಯನ್ನು ನಾವು ಒಪ್ಪಲಿಲ್ಲ. ಎಣಿಕೆ ಎಲ್ಲಿ ಕಾಣಿಸಿತೋ ಅಲ್ಲಿ ಜನ ಎಣಿಕೆಗಾಗಿ ಕೆಲಸ ಮಾಡತೊಡಗುತ್ತಾರೆ. ಖಾಲಿ ಪುಟಗಳನ್ನು ಹುಡುಕಿ ಗುಂಡಿ ಒತ್ತುವವರು ಷಟ್ಪದಿಯ ಪಾಠಾಂತರಗಳ ಅಡಿಟಿಪ್ಪಣಿ ತಿದ್ದುವವರನ್ನು ಹಿಂದೆ ಹಾಕುತ್ತಾರೆ. ಪುಟಗಳ ವ್ಯಾಪ್ತಿ ಕಡತದಲ್ಲಿ ಇರುತ್ತದೆ, ಬೇಕಾದವರು ನೋಡಬಹುದು. ಅಚ್ಚಿಗೆ ಹೋಗುವುದಿಲ್ಲ.

ಹೆಸರು ತೆಗೆಯಿರಿ ಎಂದದ್ದು

ಮೊದಲ ಪುಸ್ತಕದ ಕೊನೆಯ ಪುಟವನ್ನು ಎಲ್ಲರಿಗೂ ಕಳಿಸಿ ಒಪ್ಪಿಗೆ ಕೇಳಿದಾಗ ಎರಡು ಬಗೆಯ ಕೋರಿಕೆಗಳು ಬಂದವು. ಒಬ್ಬರು ತಮ್ಮ ಹೆಸರು ಬೇಡ ಎಂದರು. ಕಾರಣ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಒಂದು ಸಂಸ್ಥೆಯವರು ತಮ್ಮ ವಿದ್ಯಾರ್ಥಿಗಳ ಹೆಸರುಗಳನ್ನು ತೆಗೆದು ಸಂಸ್ಥೆಯ ಹೆಸರನ್ನಷ್ಟೇ ಹಾಕಿ ಎಂದರು. ವಾರ್ಷಿಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ಅವರ ವಾದ. ಮಕ್ಕಳು ಬದಲಾಗುತ್ತಿರುತ್ತಾರೆ, ಸಂಸ್ಥೆ ಶಾಶ್ವತ ಎಂದೂ ಸೇರಿಸಿದರು.

ಇಡೀ ಸಂಕೇತದಲ್ಲಿ ನಾನು ಬಿಟ್ಟುಕೊಡದ ನಿಯಮ ಇದಕ್ಕೆ ಉತ್ತರವಾಗಿ ಹುಟ್ಟಿದ್ದು. ವ್ಯಕ್ತಿ ತನ್ನ ಹೆಸರನ್ನು ಯಾವಾಗ ಬೇಕಾದರೂ ತೆಗೆಸಬಹುದು, ತನ್ನ ಹೆಸರಿನ ಪಕ್ಕದ ಕಂಸವನ್ನೂ ತೆಗೆಸಬಹುದು. ಗುಂಪು ತನ್ನ ಹೆಸರನ್ನು ತೆಗೆಸಬಹುದು. ಗುಂಪು ವ್ಯಕ್ತಿಯ ಹೆಸರನ್ನು ತೆಗೆಸುವಂತಿಲ್ಲ. ಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಒಂದು ರೂಪವೂ ಸಿಕ್ಕಿತು: ಹೆಸರುಪಟ್ಟಿಯಲ್ಲಿ ವ್ಯಕ್ತಿಯ ಎದುರು ಒಂದು ಗೆರೆ ಎಳೆದರೆ ಅಚ್ಚಿನಲ್ಲಿ ‘ಹೆಸರು ಬೇಡವೆಂದ ಒಬ್ಬರು’ ಎಂದು ಬರುತ್ತದೆ, ಕೆಲಸದ ಸಾಲು ಹಾಗೇ ಉಳಿಯುತ್ತದೆ. ಗುಂಪಿನ ಎದುರು ಗೆರೆ ಎಳೆದರೆ ಕಂಸ ಮಾಯವಾಗುತ್ತದೆ, ಒಳಗಿದ್ದವರು ತಂತಮ್ಮ ಹೆಸರಿನಲ್ಲಿ ಉಳಿಯುತ್ತಾರೆ. ಗುಂಪು ವ್ಯಕ್ತಿಯ ಹೆಸರು ತೆಗೆಸುವ ಕೋರಿಕೆಯನ್ನು ಬರೆಯಲು ಸಂಕೇತದಲ್ಲಿ ದಾರಿಯೇ ಇಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ಮಾತ್ರ, ಅವರೂ ಮನೆಯವರೂ ಒಪ್ಪಿದ ಚಿಕ್ಕ ಹೆಸರಷ್ಟೇ, ಪೂರ್ಣ ಹೆಸರಿಲ್ಲ.

ಸಂಸ್ಥೆಯವರಿಗೆ ‘ನೆರವು’ ಎಂಬ ಸಾಲಿನಲ್ಲಿ ಮೊದಲ ಜಾಗ ಕೊಟ್ಟೆವು. ಒಪ್ಪಿದರು, ಸ್ವಲ್ಪ ಮುನಿಸಿನಿಂದಲೇ.

ಈಗ ಎಲ್ಲಿದೆ

ಎರಡು ಕಡತಗಳು, ಒಂದು ಸ್ಕ್ರಿಪ್ಟ್. ಪುಸ್ತಕದ ‘ಪರಿವಿಡಿ’ ಪುಟದ ಚರ್ಚಾಪುಟದಲ್ಲಿ ಶ್ರೇಯದ ಸಾಲುಗಳನ್ನು ಇಡುತ್ತೇವೆ. ಯಾರು ಬೇಕಾದರೂ ತಮ್ಮ ಸಾಲನ್ನು ತಾವೇ ಸೇರಿಸಬಹುದು, ವಿಕಿಯ ಇತಿಹಾಸವೇ ಸಾಕ್ಷಿ. ಕಾರ್ಯಾಗಾರಗಳಿಗೆ ಹೋಗುವಾಗ ಖಾತೆಗಳ ಮಿತಿ ಸಡಿಲಿಸಲು ಮುಂಚಿತವಾಗಿ ಬರೆಯುತ್ತೇವೆ. ಅದಾಗದಿದ್ದರೆ ಹಂಚಿಕೊಂಡ ಖಾತೆಗಿಂತ ಕಾಗದವೇ ವಾಸಿ: ಹೆಸರು, ಪುಟಸಂಖ್ಯೆ, ಜೊತೆಗಾರರು ಎಂಬ ಮೂರು ಕಾಲಮಿನ ಹಾಳೆಯಲ್ಲಿ ಬರೆಸಿಕೊಂಡು, ಕೊಠಡಿಯಲ್ಲಿ ಓದಿ ತಿದ್ದಿದ್ದನ್ನು ಆಮೇಲೆ ಅವರವರ ಖಾತೆಯಿಂದಲೇ ಏರಿಸುವುದು.

ಬಗೆಹರಿಯದೆ ಉಳಿದಿರುವುದು ಒಡೆದ ಗುಂಪುಗಳು. ಒಂದು ಬಳಗ ಎರಡಾಗಿದೆ, ಎರಡೂ ಹಳೆಯ ಹೆಸರು ತಮ್ಮದೆನ್ನುತ್ತಿವೆ, ಹಳೆಯ ಪುಸ್ತಕಗಳ ಕಂಸದಲ್ಲಿ ಯಾವುದು ಇರಬೇಕು ಎಂದು ಕೇಳುತ್ತಿವೆ. ವ್ಯಕ್ತಿಯ ಹೆಸರು ಬದಲಾದರೆ ಹಿಂದಿನದೆಲ್ಲ ಬದಲಾಗಲಿ ಎಂದು ನಿಯಮ ಮಾಡಿದ್ದೇವಲ್ಲ, ಗುಂಪಿಗೆ ಅದನ್ನೇ ಅನ್ವಯಿಸಿದರೆ ಕೆಲಸ ಮಾಡುವಾಗ ಇಲ್ಲದ ಸಂಘವೊಂದು ಅದಕ್ಕೆ ಶ್ರೇಯ ಪಡೆದಂತಾಗುತ್ತದೆ. ಸದ್ಯಕ್ಕೆ ಗುಂಪಿನ ಹೆಸರು ಕೆಲಸದ ದಿನ ಇದ್ದಂತೆಯೇ ಇರುತ್ತದೆ, ಗುಂಪುಗಳ ಪಟ್ಟಿಯಲ್ಲಿ ಅದರ ಎದುರು ‘ಈಗಿಲ್ಲ’ ಎಂದು ಬರೆದಿದ್ದೇವೆ. ಎರಡೂ ಕಡೆಯವರಿಗೆ ಇದು ಇಷ್ಟವಾಗಿಲ್ಲ. ಅವರ ಪೈಕಿ ಮೂವರು ಈ ವಾರದ ಪುಟಗಳನ್ನು ಕಂಸವಿಲ್ಲದೆ ಕಳಿಸಿದ್ದಾರೆ.